ಆ ಜಾಗದ ನರಹುಲಿಗೆ ಸುಣ್ಣ-ಸೋಡಾ ಹಚ್ಚಬೇಡಿ

ಕೈ ಮೇಲೆ ನರಹುಲಿ ಎದ್ದರೆ ನಮ್ಮಜ್ಜಿ ಎಲೆಡಿಕೆ ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ, ಬೆಂಕಿಕಡ್ಡಿ ತುದಿಯಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ಚುರುಚುರು ಅನ್ನುತ್ತಿತ್ತು. ನಾಲ್ಕು ದಿನಕ್ಕೆ ಕಪ್ಪಾಗಿ ಉದುರುತ್ತಿತ್ತು. ಕಳೆದ ವರ್ಷ ನಾನು ಅದೇ ಮದ್ದನ್ನು ಹಚ್ಚಬಾರದ ಜಾಗಕ್ಕೆ ಹಚ್ಚಿಕೊಂಡೆ. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಮನೆಯಲ್ಲಿ ಅತ್ತೆ, ಮಾವ ಇದ್ದಾರೆ, ಅರ್ಥ ಮಾಡಿಕೊಳ್ಳಿ.

ಶುರುವಾದದ್ದು ಸ್ನಾನ ಮಾಡುವಾಗ ಕೈಗೆ ಸಿಕ್ಕ ಎರಡು ಪುಟ್ಟ ಗಂಟುಗಳಿಂದ. ಯೋನಿಯ ಹೊರಗಡೆ, ಸಾಸಿವೆ ಕಾಳಿನಷ್ಟು. ನೋವಿಲ್ಲ, ಆಗಾಗ ಸ್ವಲ್ಪ ನವೆ ಅಷ್ಟೇ. ತಿಂಗಳೊಳಗೆ ಐದಾರು ಆದವು. ಮೇಲೆಲ್ಲ ಹೂಕೋಸಿನ ಥರ ತರಿತರಿ. ಯಾರಿಗೆ ತೋರಿಸುವುದು? 'ಗುಪ್ತರೋಗ' ಅನ್ನುವ ಮಾತನ್ನು ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ಓದಿದ್ದೆ, ಅದು ನನಗೇ ಬಂದಿರಬಹುದು ಅಂತ ಯೋಚಿಸುವ ಧೈರ್ಯವೂ ಇರಲಿಲ್ಲ.

ಮೊದಲು ಮೆಡಿಕಲ್ ಶಾಪ್‌ಗೆ ಹೋದೆ. ತೊಡೆ ಸಂದಿಯಲ್ಲಿ ನವೆ ಅಂತ ಅರ್ಧ ಸುಳ್ಳು ಹೇಳಿದೆ. ಅಲ್ಲಿದ್ದ ಹುಡುಗ ಹುಳುಕಡ್ಡಿಗೆ ಕೊಡುವ ಒಂದು ಟ್ಯೂಬ್ ಕೊಟ್ಟ. ಎರಡೇ ದಿನಕ್ಕೆ ನವೆ ನಿಂತಿತು, ವಾಸಿಯಾಗುತ್ತಿದೆ ಅಂದುಕೊಂಡೆ. ಮೂರು ವಾರದಲ್ಲಿ ಗಂಟುಗಳು ಹದಿನೈದು ದಾಟಿದವು. ಆ ಟ್ಯೂಬ್‌ನಲ್ಲಿ ಸ್ಟೀರಾಯ್ಡ್ ಇತ್ತು ಅಂತ ಆಮೇಲೆ ಗೊತ್ತಾಯಿತು. ಅದು ನವೆಯನ್ನು ಅಡಗಿಸುತ್ತದೆ. ಜೊತೆಗೆ ಈ ಗಂಟು ಬರಿಸುವ ವೈರಸ್ ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೂ ಕುಗ್ಗಿಸುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಅಂಥ ಟ್ಯೂಬ್ ದಯವಿಟ್ಟು ತಗೋಬೇಡಿ.

ಆಮೇಲೆ ಆ ರಾತ್ರಿ. ಮನೆಯವರಿಗೆ ನೈಟ್ ಶಿಫ್ಟ್ ಇತ್ತು. ಅಜ್ಜಿಯ ಮದ್ದು ನೆನಪಾಯಿತು. ನರಹುಲಿ ಎಲ್ಲಿದ್ದರೂ ನರಹುಲಿಯೇ ಅಲ್ವಾ ಅಂದುಕೊಂಡೆ. ಸುಣ್ಣ-ಸೋಡಾ ಕಲಸಿ ಹಚ್ಚಿಕೊಂಡೆ. ಒಂದು ನಿಮಿಷವೂ ಆಗಲಿಲ್ಲ, ಕೆಂಡ ಇಟ್ಟ ಹಾಗಾಯಿತು. ತೊಳೆದೆ, ತೊಳೆದೆ, ಉರಿ ನಿಲ್ಲಲಿಲ್ಲ. ಅತ್ತೆಗೆ ಕೇಳಿಸದಿರಲಿ ಅಂತ ಟವೆಲ್ ಕಚ್ಚಿಕೊಂಡು ಬಚ್ಚಲಲ್ಲೇ ಕೂತಿದ್ದೆ. ಬೆಳಿಗ್ಗೆ ಸುತ್ತಲಿನ ಒಳ್ಳೆಯ ಚರ್ಮವೂ ಬೆಳ್ಳಗೆ ಸುಲಿದು ಬರುತ್ತಿತ್ತು. ಮೂತ್ರ ಮಾಡಲು ಹೋದರೆ ಜೀವ ಹೋಗುತ್ತಿತ್ತು. ಎರಡು ದಿನ ಜ್ವರ ಅಂತ ಸುಳ್ಳು ಹೇಳಿ ಮಲಗಿದೆ. ಮೂರನೇ ದಿನ ಮನೆಯವರಿಗೆ ಹೇಳಲೇಬೇಕಾಯಿತು.

ತುಮಕೂರಿನ ಒಬ್ಬ ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಹೆಂಗಸು. ಬೈಯಲಿಲ್ಲ. ಸುಣ್ಣಕ್ಕೆ ವಾಷಿಂಗ್ ಸೋಡಾ ಸೇರಿದರೆ ಕಾಸ್ಟಿಕ್ ಸೋಡಾ ಆಗುತ್ತದೆ ಅಂತ ಹೇಳಿದರು. ಕಟ್ಟಿಕೊಂಡ ಪೈಪಿಗೆ ಸುರಿಯುತ್ತೇವಲ್ಲ, ಅದೇ. ಆ ಜಾಗದ ಚರ್ಮ ಕೈ ಚರ್ಮಕ್ಕಿಂತ ಎಷ್ಟೋ ತೆಳು. ಎಕ್ಕದ ಹಾಲು, ಕಾಲಿನ ಆಣಿಗೆ ಹಚ್ಚುವ ಆಸಿಡ್ ಔಷಧಿ, ಯಾವುದನ್ನೂ ಅಲ್ಲಿಗೆ ಮುಟ್ಟಿಸಬಾರದಂತೆ.

ಕಾಯಿಲೆಗೆ ಕಾರಣ ಎಚ್‌ಪಿವಿ ಅನ್ನುವ ವೈರಸ್, ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಅಂಟುವಂಥದ್ದು. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಇಂಥ ನರಹುಲಿಗಳಲ್ಲಿ 100ಕ್ಕೆ ಸುಮಾರು 90 ಬರುವುದು 6 ಮತ್ತು 11ನೇ ಬಗೆಯಿಂದ. ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣ 16 ಮತ್ತು 18. ಅವು ಬೇರೆ. ಇದನ್ನು ಕೇಳಿದಾಗಲೇ ನನಗೆ ಉಸಿರು ಬಂದದ್ದು. ಆದರೂ ಗರ್ಭಕಂಠದ ಕ್ಯಾನ್ಸರ್ ಸುಳಿವು ನೋಡುವ ಪ್ಯಾಪ್ ಪರೀಕ್ಷೆ ಮಾಡಿಸಲು ಹೇಳಿದರು, ಒಬ್ಬರಲ್ಲೇ ಎರಡು ಮೂರು ಬಗೆ ಇರಬಹುದಂತೆ. ಸಿಫಿಲಿಸ್ ಅನ್ನುವ ಇನ್ನೊಂದು ಗುಪ್ತರೋಗದಲ್ಲೂ ಇಂಥದ್ದೇ ಗಂಟು ಏಳುವುದರಿಂದ ಅದನ್ನು ಪತ್ತೆ ಮಾಡುವ ವಿಡಿಆರ್‌ಎಲ್, ಜೊತೆಗೆ ಎಚ್‌ಐವಿ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಎರಡೂ ನೆಗೆಟಿವ್ ಬಂತು.

ಗಾಯಕ್ಕಿಂತ ಜಾಸ್ತಿ ನೋಯಿಸಿದ್ದು ಮನೆಯೊಳಗಿನ ಮೌನ. ಯಾರಿಂದ ಬಂತು ಅನ್ನುವ ಪ್ರಶ್ನೆಯನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವಾರ ಅವರು ಹಾಲ್‌ನಲ್ಲಿ ಮಲಗಿದರು. ಮುಂದಿನ ಸಲ ಡಾಕ್ಟರ್ ಇಬ್ಬರನ್ನೂ ಕೂರಿಸಿಕೊಂಡರು. ವೈರಸ್ ಅಂಟಿದ ಎಷ್ಟೋ ತಿಂಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ ಗಂಟು ಕಾಣಿಸಿಕೊಳ್ಳಬಹುದು. ಒಂದೂ ಗಂಟು ಇಲ್ಲದವರಲ್ಲೂ ವೈರಸ್ ಇರಬಹುದು. ಯಾರಿಂದ ಯಾರಿಗೆ, ಯಾವಾಗ ಬಂತು ಅಂತ ಹೇಳುವ ಪರೀಕ್ಷೆಯೇ ಇಲ್ಲ. ಮದುವೆಗೆ ಮುಂಚಿನದ್ದೂ ಇರಬಹುದು. ಇವರನ್ನೂ ಪರೀಕ್ಷೆ ಮಾಡಿದರು, ಏನೂ ಕಾಣಲಿಲ್ಲ, ಔಷಧಿಯೂ ಬೇಡ ಅಂದರು. ಆವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಈ ಕಾಯಿಲೆ ಬಂತು ಅಂತ ಗಂಡ ಹೆಂಡತಿಯನ್ನಾಗಲಿ, ಹೆಂಡತಿ ಗಂಡನನ್ನಾಗಲಿ ಅನುಮಾನಿಸುವ ಮುಂಚೆ ಇಬ್ಬರೂ ಡಾಕ್ಟರ್ ಮುಂದೆ ಕೂರಿ.

ಸುಟ್ಟ ಗಾಯ ಮಾಯುವ ತನಕ ಚಿಕಿತ್ಸೆ ಶುರು ಮಾಡುವ ಹಾಗಿರಲಿಲ್ಲ. ಮೂರು ವಾರ ಸುಮ್ನೆ ಹೋಯಿತು. ಆಮೇಲೆ ತುಂಬಾ ತಣ್ಣಗಿನ ದ್ರವ ಸಾರಜನಕ ಬಿಟ್ಟು ಗಂಟುಗಳನ್ನು ಹೆಪ್ಪುಗಟ್ಟಿಸಿದರು, ಎರಡು ಮೂರು ವಾರಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಚುಚ್ಚಿದ ಹಾಗೆ ನೋವು, ಆದರೆ ಆ ರಾತ್ರಿಯ ಉರಿಯ ಮುಂದೆ ಏನೂ ಅಲ್ಲ. ಉಳಿದವಕ್ಕೆ ಇಮಿಕ್ವಿಮೋಡ್ ಕ್ರೀಮ್ ಕೊಟ್ಟರು. ವಾರಕ್ಕೆ ಮೂರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಕರೆಂಟಿನಿಂದ ಸುಡುವುದು, ಲೇಸರ್ ಕೂಡ ಇವೆ. ಗರ್ಭಿಣಿಯರು ಮೊದಲೇ ಹೇಳಿ, ನರಹುಲಿಗೆ ಹಚ್ಚುವ ಪೊಡೊಫಿಲಿನ್ ಥರದ ಔಷಧಿಗಳನ್ನು ಆಗ ಹಚ್ಚಬಾರದು.

ಚಿಕಿತ್ಸೆಯಿಂದ ಹೋಗುವುದು ಗಂಟು, ವೈರಸ್ ಅಲ್ಲ. ಅದನ್ನು ಮೈಯೇ ನಿಧಾನಕ್ಕೆ ಅಡಗಿಸಬೇಕು. ನನಗೂ ಎರಡು ತಿಂಗಳ ಮೇಲೆ ಮತ್ತೆ ಎರಡು ಎದ್ದವು. ಈ ಸಲ ಹೆದರಲಿಲ್ಲ, ಮಾರನೇ ದಿನವೇ ಹೋಗಿ ತೋರಿಸಿದೆ. ಒಂದೇ ಸಲಕ್ಕೆ ಮುಗಿಯಿತು. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ. ಆದರೆ ಅದು ಮುಚ್ಚದ ಚರ್ಮದಿಂದಲೂ ಇದು ಹರಡಬಹುದು.

ಲಸಿಕೆ ಇದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್ 6, 11, 16, 18 ನಾಲ್ಕನ್ನೂ ತಡೆಯುತ್ತದೆ. ಬಂದಿರುವ ನರಹುಲಿಯನ್ನು ಅದು ವಾಸಿ ಮಾಡುವುದಿಲ್ಲ, ಹಾಗಾಗಿ ಚಿಕ್ಕ ವಯಸ್ಸಿನಲ್ಲೇ ಹಾಕಿಸುವುದು ಒಳ್ಳೆಯದು. 9ರಿಂದ 14 ವರ್ಷದವರಿಗೆ ಎರಡು ಡೋಸ್. ನಾದಿನಿಯ ಮಗಳಿಗೆ ಈಗ 11. ಅವಳಿಗೆ ಹಾಕಿಸಿ ಅಂತ ನಾದಿನಿಗೆ ನಾನೇ ಹೇಳಿದೆ.

ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಎಲ್ಲಿದೆ ಅಂತ ಕೇಳಿ, ಅಲ್ಲಿ ಇಂಥ ಕಾಯಿಲೆಗಳನ್ನು ಉಚಿತವಾಗಿ ನೋಡುತ್ತಾರೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಚೀಟಿ ಮಾಡಿಸುವಾಗ ಜನರ ಮುಂದೆ ಹೇಳಲು ಮುಜುಗರವಾದರೆ ಚರ್ಮದ ಡಾಕ್ಟರನ್ನು ನೋಡಬೇಕು ಅನ್ನಿ, ಅಷ್ಟು ಸಾಕು. ಉಳಿದದ್ದನ್ನು ಒಳಗೆ ಹೋಗಿ ಹೇಳಿ. ಏನೇನು ಹಚ್ಚಿಕೊಂಡಿದ್ದಿರಿ ಅನ್ನುವುದನ್ನೂ ಮುಚ್ಚಿಡಬೇಡಿ.