ಕೀವರ್ಡ್ ಶೀಟ್ ನಂಬಿ, ಓಡುತ್ತಿರುವ ಪುಟಕ್ಕೆ ಕೈ ಹಾಕಲು ಬಿಡಬೇಡಿ

ಕೀವರ್ಡ್ (ಜನ ಗೂಗಲ್‌ನಲ್ಲಿ ಹುಡುಕುವ ಪದ) ರಿಸರ್ಚ್ ಮಾಡುತ್ತೇವೆ, ಯಾವ ಪುಟಕ್ಕೆ ಯಾವ ಕೀವರ್ಡ್ ಅಂತ ಮ್ಯಾಪಿಂಗ್ ಮಾಡಿಕೊಡುತ್ತೇವೆ, ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಅಂತ ಯಾರಾದರೂ ನಿಮ್ಮ ಬಳಿ ಬಂದಿದ್ದಾರಾ? ಹೂಂ ಅನ್ನುವ ಮುಂಚೆ ಇದನ್ನು ಪೂರ್ತಿ ಓದಿ. ನಮ್ಮ ಸೈಟ್‌ಗೆ ಈ ಕೆಲಸ ಮಾಡಲು ಬಂದ ಏಜೆನ್ಸಿ, ವರ್ಷಗಳಿಂದ ಚೆನ್ನಾಗಿ ಓಡುತ್ತಿದ್ದ ಪುಟಗಳನ್ನೇ ಕೆಡಿಸಿ ಹೋಯಿತು. ಅವರ ಹೆಸರು ಹೇಳುವುದಿಲ್ಲ. ಅವರು ಕೆಲಸ ಮಾಡಿದ ರೀತಿ ನಿಮಗೆ ಗೊತ್ತಾಗಬೇಕು, ಯಾಕಂದ್ರೆ ಇದೇ ರೀತಿ ಮಾಡುವವರು ಬೇರೆಯವರೂ ಇದ್ದಾರೆ.

ನಮ್ಮದು ಹೊಲಿಗೆ ಮೆಷಿನ್ ರಿಪೇರಿ ಬಗ್ಗೆ ಬರೆಯುವ, ಜೊತೆಗೆ ಬಿಡಿಭಾಗ ಮಾರುವ ಸೈಟ್. ಅದರಲ್ಲಿ ಒಂದು ಪುಟ, ಹೊಲಿಯುವಾಗ ದಾರ ಪದೇ ಪದೇ ಯಾಕೆ ತುಂಡಾಗುತ್ತದೆ ಅನ್ನುವುದರ ಬಗ್ಗೆ. ದಾರದ ಟೆನ್ಶನ್ ಜಾಸ್ತಿ ಬಿಗಿಯಾಗಿರಬಹುದು, ಸೂಜಿ ತಿರುಗುಮುರುಗಾಗಿ ಹಾಕಿರಬಹುದು, ಸೂಜಿಯ ಕಣ್ಣು ಸವೆದು ಒರಟಾಗಿರಬಹುದು, ಬಾಬಿನ್ ಕೇಸ್‌ನಲ್ಲಿ ಕಸ ಕೂತಿರಬಹುದು. ಒಂದೊಂದನ್ನೂ ಹೇಗೆ ನೋಡಬೇಕು ಅಂತ ಚಿತ್ರ ಸಮೇತ ಬರೆದಿದ್ದೆವು. ಗೂಗಲ್‌ನಿಂದ ಅತಿ ಹೆಚ್ಚು ಜನ ಬರುತ್ತಿದ್ದದ್ದು ಇದೇ ಪುಟಕ್ಕೆ. ಓದಿ ಮೆಷಿನ್ ಸರಿ ಮಾಡಿಕೊಂಡವರು ಸೂಜಿಯನ್ನೋ ಬಾಬಿನ್ ಕೇಸನ್ನೋ ಅಲ್ಲೇ ಕೊಳ್ಳುತ್ತಿದ್ದರು.

ಏಜೆನ್ಸಿಯವರು ತಯಾರಿಸಿದ ಶೀಟ್ ನೋಡಲು ಅಚ್ಚುಕಟ್ಟಾಗಿತ್ತು. ಕೀವರ್ಡ್, ತಿಂಗಳಿಗೆ ಎಷ್ಟು ಹುಡುಕಾಟ, ಕಾಂಪಿಟಿಷನ್, ಕೊನೆಗೆ ನಮ್ಮ ಯಾವ ಪುಟ. ದೊಡ್ಡ ಅಂಕಿ ಮೇಲೆ, ಚಿಕ್ಕದು ಕೆಳಗೆ. ಮೊದಲ ಸಾಲಿನಲ್ಲೇ ‘ಹೊಲಿಗೆ ಮೆಷಿನ್’. ಅದರ ಎದುರಿಗೆ ದಾರ ತುಂಡಾಗುವ ಪುಟ! ಅದು ನಿಮ್ಮ ಗಟ್ಟಿ ಪುಟ, ದೊಡ್ಡ ಕೀವರ್ಡನ್ನು ಅದಕ್ಕೇ ಕೊಡಬೇಕು ಅಂದರು. ಇದು ಹೇಗೆ ಸರಿ ಅಂತ ನಾವು ಕೇಳಿ, ಉತ್ತರಕ್ಕೆ ಕಾಯುತ್ತಿರುವಾಗಲೇ ಪುಟ ಬದಲಾಗಿಹೋಗಿತ್ತು. ಟೈಟಲ್ ಹೊಸದು, ಹೆಡಿಂಗ್ ಹೊಸದು, ಮೊದಲ ಎರಡು ಪ್ಯಾರಾದಲ್ಲಿ ಸಾಲಿಗೊಂದು ‘ಹೊಲಿಗೆ ಮೆಷಿನ್’. ಯುಆರ್‌ಎಲ್ (ಪುಟದ ವೆಬ್ ವಿಳಾಸ) ಕೂಡ ಬದಲಾಯಿಸಿದ್ದರು. ಹಳೆಯ ಯುಆರ್‌ಎಲ್‌ನಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಕಾಯಂ ಆಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿರಲಿಲ್ಲ. ಬೇರೆ ಸೈಟ್‌ಗಳಿಂದ ನಮಗಿದ್ದ ಲಿಂಕುಗಳನ್ನು ಒತ್ತಿದರೆ 404, ಅಂದರೆ ‘ಪುಟ ಸಿಗಲಿಲ್ಲ’ ಅಂತ ಬರುತ್ತಿತ್ತು.

‘ಹೊಲಿಗೆ ಮೆಷಿನ್’ ಅಂತ ಒಮ್ಮೆ ನೀವೇ ಹುಡುಕಿ ನೋಡಿ. ಮೊದಲ ಪುಟದಲ್ಲಿ ಬರುವುದು ಹೆಚ್ಚಾಗಿ ಅಂಗಡಿಗಳು, ಮಾಡೆಲ್‌ಗಳು, ಬೆಲೆಗಳು. ಹಾಗೆ ಹುಡುಕುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಹೊಸ ಮೆಷಿನ್, ದಾರದ ತೊಂದರೆಗೆ ಉತ್ತರ ಅಲ್ಲ. ಈ ಕೆಲಸದಲ್ಲಿರುವವರು ಇದನ್ನೇ ಸರ್ಚ್ ಇಂಟೆಂಟ್ ಅನ್ನುತ್ತಾರೆ: ಹುಡುಕುವವರ ಮನಸ್ಸಿನಲ್ಲಿ ಏನಿದೆ ಅನ್ನುವುದು. ಯಾವ ಟೂಲೂ ಇಲ್ಲದೆ, ಸರ್ಚ್ ಬಾಕ್ಸ್‌ನಲ್ಲಿ ಟೈಪ್ ಮಾಡಿ ಬಂದ ಫಲಿತಾಂಶ ನೋಡಿದರೆ ಅದು ತಿಳಿಯುತ್ತದೆ. ಆ ಶೀಟ್‌ನಲ್ಲಿ ಅದಕ್ಕೆ ಕಾಲಂ ಇರಲೇ ಇಲ್ಲ. ನನ್ನ ಪ್ರಕಾರ, ಆ ಕಾಲಂ ಇಲ್ಲದ ಶೀಟ್ ಬರೀ ಪದಗಳ ಪಟ್ಟಿ. ಅದನ್ನು ಮ್ಯಾಪಿಂಗ್ ಅಂತ ಒಪ್ಪಿಕೊಳ್ಳಲೇಬೇಡಿ.

ಅಂಕಿಗಳ ವಿಷಯಕ್ಕೂ ಬರುತ್ತೇನೆ, ಯಾಕಂದ್ರೆ ಜನ ನಂಬುವುದು ಅವನ್ನೇ. ಇಂಥ ಅಂಕಿ ಕೊಡುವ ಗೂಗಲ್ ಕೀವರ್ಡ್ ಪ್ಲಾನರ್ ಇರುವುದು ಜಾಹೀರಾತು ಕೊಡುವವರಿಗಾಗಿ. ಜಾಹೀರಾತಿಗೆ ಖರ್ಚು ಮಾಡದ ಖಾತೆಗಳಲ್ಲಿ ಅದು ಸಾಮಾನ್ಯವಾಗಿ 1,000ದಿಂದ 10,000 ಅನ್ನುವಂಥ ಅಗಲವಾದ ಅಂದಾಜನ್ನಷ್ಟೇ ತೋರಿಸುತ್ತದೆ. ನಮ್ಮ ಶೀಟ್‌ನಲ್ಲಿ ಎಲ್ಲಾ ಕಡೆ ಮೇಲಿನ ಅಂಕಿಯನ್ನೇ ಹಾಕಿದ್ದರು. ಇನ್ನು ಅದರ ಕಾಂಪಿಟಿಷನ್ ಕಾಲಂ. ಅದು ಆ ಪದಕ್ಕೆ ಎಷ್ಟು ಜಾಹೀರಾತುದಾರರು ಪೈಪೋಟಿ ಮಾಡುತ್ತಿದ್ದಾರೆ ಅಂತ ಹೇಳುತ್ತದೆ. ಮಾಮೂಲಿ ಫಲಿತಾಂಶದಲ್ಲಿ ಮೇಲೆ ಬರುವುದು ಸುಲಭವೋ ಕಷ್ಟವೋ ಅಂತ ಹೇಳುವುದಿಲ್ಲ. ಇವರು ‘ಲೋ’ ಅಂತ ಇದ್ದದ್ದನ್ನೆಲ್ಲಾ ಸುಲಭ ಅಂತ ಓದಿ, ಹಾಗೇ ಮ್ಯಾಪ್ ಮಾಡಿದ್ದರು. ದುಡ್ಡು ಕೊಟ್ಟು ಬಳಸುವ ಬೇರೆ ಟೂಲ್‌ಗಳ ‘ಕೀವರ್ಡ್ ಡಿಫಿಕಲ್ಟಿ’ ಕೂಡ ಆಯಾ ಕಂಪನಿಯ ಸ್ವಂತ ಲೆಕ್ಕ, ಗೂಗಲ್ ಕೊಟ್ಟ ಅಂಕಿ ಅಲ್ಲ. ಹೋಲಿಸಿ ನೋಡಲು ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ಆಮೇಲೆ ಹೊಸ ಪುಟಗಳು ಶುರುವಾದವು. ‘ದಾರ ತುಂಡಾಗುವುದು’ ಒಂದು ಪುಟ, ‘ದಾರ ಕಟ್ ಆಗುವುದು’ ಇನ್ನೊಂದು, ‘ನೂಲು ಹರಿಯುವುದು’ ಮತ್ತೊಂದು. ಶೀಟ್‌ನಲ್ಲಿ ಇವು ಬೇರೆ ಬೇರೆ ಸಾಲಿನಲ್ಲಿದ್ದವು, ಹಾಗಾಗಿ ಸಾಲಿಗೊಂದು ಪುಟ. ಓದಿದರೆ ಎಲ್ಲದರಲ್ಲೂ ಅದೇ ಮಾತು, ಪದ ಮಾತ್ರ ಹಿಂದೆ ಮುಂದೆ. ಈ ಮೂರನ್ನೂ ಹುಡುಕುವವರ ತೊಂದರೆ ಒಂದೇ ಅಲ್ವಾ? ಅವರಿಗೆ ಬೇಕಾದ್ದು ಒಂದೇ ಒಳ್ಳೆಯ ಪುಟ. ಮಾತು ಬೇರೆಯಾದರೂ ಅರ್ಥ ಒಂದೇ ಅಂತ ಗುರುತಿಸಲು ಗೂಗಲ್ 2013ರ ಹಮ್ಮಿಂಗ್‌ಬರ್ಡ್, 2015ರ ರ್‍ಯಾಂಕ್‌ಬ್ರೈನ್, 2019ರ ಬರ್ಟ್ ಅಂತ ಒಂದಾದ ಮೇಲೊಂದು ಬದಲಾವಣೆ ತಂದಿದೆ. ಪದಕ್ಕೊಂದು ಪುಟ ಮಾಡುವ ಕಾಲ ಯಾವಾಗಲೋ ಮುಗಿಯಿತು. ಅಷ್ಟೇ ಅಲ್ಲ, ರ್‍ಯಾಂಕಿಂಗ್‌ಗಾಗಿ ಮಾತ್ರ ಹೀಗೆ ರಾಶಿ ರಾಶಿ ಪುಟ ಮಾಡುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನೀತಿಯಲ್ಲೇ ಸೇರಿಸಿದೆ.

ಒಂದೇ ಹುಡುಕಾಟಕ್ಕೆ ಪೈಪೋಟಿಗೆ ಬಿದ್ದು ನಮ್ಮ ಪುಟಗಳೇ ಒಂದನ್ನೊಂದು ತಿನ್ನತೊಡಗಿದವು. ಇದಕ್ಕೆ ಕೀವರ್ಡ್ ಕ್ಯಾನಿಬಲೈಸೇಷನ್ ಅನ್ನುತ್ತಾರೆ. ನಿಮ್ಮಲ್ಲೂ ಹೀಗಾಗಿದೆಯಾ ಅಂತ ನೋಡಬೇಕಾದರೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗಿದೆ ಅಂತ ಮಾಲೀಕರಿಗೆ ತೋರಿಸುವ ಗೂಗಲ್ ಟೂಲ್) ಪರ್ಫಾರ್ಮೆನ್ಸ್ ರಿಪೋರ್ಟ್ ತೆರೆಯಿರಿ. ಒಂದು ಕ್ವೆರಿ (ಜನ ಹುಡುಕಿದ ಮಾತು) ಮೇಲೆ ಕ್ಲಿಕ್ ಮಾಡಿ, ಆಮೇಲೆ ಪೇಜಸ್ ಟ್ಯಾಬ್‌ಗೆ ಹೋಗಿ. ನಮಗೆ ಅಲ್ಲಿ ಮೊದಲು ಒಂದೇ ಯುಆರ್‌ಎಲ್ ಕಾಣುತ್ತಿತ್ತು. ಈಗ ನಾಲ್ಕೈದು. ಒಂದು ವಾರ ಇದು, ಇನ್ನೊಂದು ವಾರ ಅದು, ಯಾವುದೂ ಹಳೆಯ ಜಾಗದ ಹತ್ತಿರಕ್ಕೂ ಇಲ್ಲ. ಎರಡು ಪುಟ ಕಂಡ ಮಾತ್ರಕ್ಕೆ ಗಾಬರಿ ಬೇಡ. ಎರಡೂ ಬೇರೆ ಬೇರೆ ಕೆಲಸಕ್ಕೆ ಬರುವ ಪುಟಗಳಾಗಿ, ಎರಡಕ್ಕೂ ಕ್ಲಿಕ್ ಬರುತ್ತಿದ್ದರೆ ಹಾಗೇ ಇರಲಿ.

ಮೆಟಾ ಕೀವರ್ಡ್ಸ್ ಟ್ಯಾಗ್‌ನಲ್ಲೂ (ಓದುಗರಿಗೆ ಕಾಣದ, ಪುಟದ ಕೋಡ್‌ನಲ್ಲಿ ಕೀವರ್ಡ್ ಬರೆಯುವ ಜಾಗ) ಉದ್ದದ ಪಟ್ಟಿ ತುಂಬಿಸಿ, ಅದಕ್ಕೆ ಬೇರೆ ಬಿಲ್ ಹಾಕಿದ್ದರು. ಆ ಟ್ಯಾಗನ್ನು ರ್‍ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ನಿಮ್ಮ ಕೊಟೇಶನ್‌ನಲ್ಲಿ ಇದು ಕಂಡರೆ ಅಲ್ಲಿಗೇ ನಿಲ್ಲಿಸಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಅವರ ತಿಂಗಳ ರಿಪೋರ್ಟ್ ನೋಡಿ. ಇಂಪ್ರೆಶನ್ (ಫಲಿತಾಂಶದಲ್ಲಿ ಪುಟ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ) ಗ್ರಾಫ್ ಮೇಲೇರುತ್ತಿತ್ತು, ಅದನ್ನೇ ದೊಡ್ಡದಾಗಿ ಹಾಕಿದ್ದರು. ‘ಹೊಲಿಗೆ ಮೆಷಿನ್’ ಅನ್ನುವ ದೊಡ್ಡ ಪದಕ್ಕೆ ನಮ್ಮ ಪುಟ ಎಲ್ಲೋ ಕೆಳಗೆ, ಯಾರೂ ಕ್ಲಿಕ್ ಮಾಡದ ಜಾಗದಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿತ್ತು. ಅದೂ ಇಂಪ್ರೆಶನ್ ಲೆಕ್ಕಕ್ಕೆ ಬರುತ್ತದೆ. ಕ್ಲಿಕ್‌ಗಳು ಇಳಿಯುತ್ತಿದ್ದವು, ಆ ಗ್ರಾಫ್ ರಿಪೋರ್ಟ್‌ನಲ್ಲಿ ಇರಲಿಲ್ಲ. ‘ನಂಬರ್ ಒನ್ ಆದ ಕೀವರ್ಡ್‌ಗಳು’ ಅಂತ ಒಂದು ಪಟ್ಟಿ ಇತ್ತು. ಅದರಲ್ಲಿ ಇದ್ದದ್ದು ನಮ್ಮ ಸೈಟ್‌ನ ಹೆಸರು, ಮತ್ತೆ ಯಾರೂ ಹುಡುಕದ ಉದ್ದುದ್ದ ವಾಕ್ಯಗಳು. ಸ್ವಂತ ಹೆಸರಿಗೆ ಮೊದಲು ಬರಲು ಏಜೆನ್ಸಿ ಬೇಕಿಲ್ಲ, ಹೆಚ್ಚಿನ ಸೈಟ್‌ಗಳು ತಾವಾಗೇ ಬರುತ್ತವೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾಗುವುದಿಲ್ಲ ಅಂತ ಗೂಗಲ್‌ನ ಮಾರ್ಗಸೂಚಿಯಲ್ಲೇ ಇದೆ. ಗ್ಯಾರಂಟಿ ಕೊಡುವವರಿಂದ ದೂರ ಇರಿ.

ಸರಿ ಮಾಡಲು ಏನು ಮಾಡಿದೆವು ಅಂದರೆ, ಮೊದಲು ಅವರ ಕೆಲಸ ನಿಲ್ಲಿಸಿ, ಸರ್ಚ್ ಕನ್ಸೋಲ್ ಡೇಟಾ ಇಳಿಸಿಕೊಂಡೆವು. ಅದು 16 ತಿಂಗಳಷ್ಟೇ ಇಟ್ಟುಕೊಳ್ಳುತ್ತದೆ, ತಡ ಮಾಡಿದರೆ ಹಳೆಯದು ಸಿಗುವುದೇ ಇಲ್ಲ. ಬದಲಾವಣೆಗೆ ಮುಂಚೆ ಯಾವ ಪುಟಕ್ಕೆ ಯಾವ ಮಾತು ಹುಡುಕಿ ಜನ ಬರುತ್ತಿದ್ದರು ಅಂತ ಪುಟದಿಂದ ಪುಟಕ್ಕೆ ಬರೆದೆವು. ನಿಜವಾದ ಮ್ಯಾಪ್ ಶುರುವಾಗಬೇಕಿದ್ದದ್ದೇ ಅಲ್ಲಿಂದ. ಬ್ಯಾಕಪ್‌ನಿಂದ ಹಳೆಯ ಬರಹ ಮತ್ತು ಟೈಟಲ್ ವಾಪಸ್ ಹಾಕಿದೆವು. ಹಳೆಯ ಯುಆರ್‌ಎಲ್ ಮರಳಿ ತಂದು, ಹೊಸದರಿಂದ ಅದಕ್ಕೆ 301 ಕೊಟ್ಟೆವು. ಅವಳಿ ಪುಟಗಳಲ್ಲಿ ಉಪಯೋಗಕ್ಕೆ ಬರುವ ಸಾಲೇನಾದರೂ ಇದ್ದರೆ ಮೂಲ ಪುಟಕ್ಕೆ ಸೇರಿಸಿ, ಅವನ್ನೂ ಅಲ್ಲಿಗೇ ರೀಡೈರೆಕ್ಟ್ ಮಾಡಿದೆವು. ದಾರದ ಪುಟ ತಿಂಗಳುಗಟ್ಟಲೆ ಕಾದ ಮೇಲೆ ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೆ ಬಂತು. ಅವರು ಕೆಡಿಸಿದ ಇನ್ನೊಂದು ಪುಟ, ದಾರದ ಟೆನ್ಶನ್ ಹೊಂದಿಸುವುದರ ಬಗ್ಗೆ ಇದ್ದದ್ದು, ಇನ್ನೂ ಬಂದಿಲ್ಲ. ಆ ಜಾಗದಲ್ಲಿ ಈಗ ಬೇರೆಯವರು ಕೂತಿದ್ದಾರೆ.

ಹಾಗಾಗಿ ಯಾರಿಗೇ ಕೆಲಸ ಕೊಟ್ಟರೂ ಮೊದಲೇ ಬರವಣಿಗೆಯಲ್ಲಿ ಕೇಳಿ. ಪ್ರತಿ ಪುಟದ ಎದುರು, ಈಗ ಅದಕ್ಕೆ ಕ್ಲಿಕ್ ತರುತ್ತಿರುವ ಕ್ವೆರಿಗಳು ಇರಬೇಕು. ಪ್ರತಿ ಕೀವರ್ಡ್ ಎದುರು, ಅದನ್ನು ಹುಡುಕಿದಾಗ ಎಂಥ ಪುಟಗಳು ಬರುತ್ತವೆ ಅಂತ ಇರಬೇಕು. ಒಂದೇ ಉತ್ತರ ಬೇಡುವ ಮಾತುಗಳನ್ನೆಲ್ಲಾ ಒಂದೇ ಪುಟಕ್ಕೆ ಗುಂಪು ಮಾಡಿರಬೇಕು. ನಮ್ಮಲ್ಲಿ ಪುಟವೇ ಇಲ್ಲದ ಕೀವರ್ಡ್‌ಗೆ ‘ಪುಟ ಇಲ್ಲ’ ಅಂತ ಬರೆಯಬೇಕು, ಸುಮ್ನೆ ಯಾವುದೋ ಪುಟಕ್ಕೆ ಅಂಟಿಸಬಾರದು. ಚೆನ್ನಾಗಿ ಓಡುತ್ತಿರುವ ಪುಟದ ಯುಆರ್‌ಎಲ್ ಅನ್ನು ನಿಮ್ಮ ಒಪ್ಪಿಗೆ ಇಲ್ಲದೆ ಮುಟ್ಟಬಾರದು. ಬದಲಾವಣೆಯನ್ನು ಒಂದೆರಡು ಪುಟದಲ್ಲಿ ಮಾಡಿ, ಕ್ಲಿಕ್ ಏನಾಗುತ್ತದೆ ಅಂತ ನೋಡಿ, ಆಮೇಲೆ ಮುಂದಕ್ಕೆ ಹೋಗಬೇಕು.

ಸರ್ಚ್ ಕನ್ಸೋಲ್‌ನ ಓನರ್ ನೀವೇ ಆಗಿರಿ, ಅವರಿಗೆ ಯೂಸರ್ ಅನುಮತಿ ಸಾಕು. ಈಗಾಗಲೇ ಓನರ್ ಮಾಡಿಬಿಟ್ಟಿದ್ದರೆ, ಕೆಲಸ ಬಿಡಿಸಿದ ದಿನವೇ ಪಟ್ಟಿಯಿಂದ ತೆಗೆಯಿರಿ. ತಾವು ಓನರ್ ಅಂತ ವೆರಿಫೈ ಮಾಡಲು ಅವರು ಸೈಟ್‌ನಲ್ಲಿ ಹಾಕಿದ ಎಚ್‌ಟಿಎಂಎಲ್ ಫೈಲ್, ಮೆಟಾ ಟ್ಯಾಗ್ ಅಥವಾ ಡಿಎನ್‌ಎಸ್ ರೆಕಾರ್ಡ್ (ಡೊಮೇನ್ ಸೆಟ್ಟಿಂಗ್‌ನಲ್ಲಿ ಸೇರಿಸುವ ಸಾಲು) ಹುಡುಕಿ ಅದನ್ನೂ ಅಳಿಸಿ, ಇಲ್ಲದಿದ್ದರೆ ಅವರು ಮತ್ತೆ ವೆರಿಫೈ ಮಾಡಿಕೊಂಡು ಒಳಗೆ ಬರಬಹುದು.