ವಿರಾಜಪೇಟೆಯ ದಂತ ಚಿಕಿತ್ಸಾಲಯದಲ್ಲಿ ಹತ್ತು ದಿನ: ಪಿಯುಸಿ ವಿದ್ಯಾರ್ಥಿನಿಯ ವಿಮರ್ಶೆ

ದಂತವೈದ್ಯರಾಗಲು ಓದುವ ಬಿಡಿಎಸ್ ಪದವಿ ಎಂದರೆ ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಅಷ್ಟು ವರ್ಷ ಕೊಡುವ ಮೊದಲು ಆ ಕೆಲಸವನ್ನು ಕಣ್ಣಾರೆ ನೋಡಬೇಕೆಂದು ಪ್ರಥಮ ಪಿಯುಸಿಯ ದಸರಾ ರಜೆಯಲ್ಲಿ ವಿರಾಜಪೇಟೆಯ ಒಂದು ಖಾಸಗಿ ದಂತ ಚಿಕಿತ್ಸಾಲಯಕ್ಕೆ ಹತ್ತು ದಿನ ಹೋಗಿದ್ದೆ. ಒಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳು ನಿಲ್ಲಲು ಅಲ್ಲಿ ಜಾಗವಿಲ್ಲದ ಕಾರಣ ಹೆಸರು ಹಾಕಬಾರದೆಂದು ವೈದ್ಯೆ ಕೇಳಿಕೊಂಡಿದ್ದಾರೆ. ಕೊಡಗಿನಲ್ಲಿ ಇಂಥ ಅವಕಾಶ ಹುಡುಕುವವರಿಗೆ ಒಳ್ಳೆಯ ಜಾಗ ಹೇಗಿರುತ್ತದೆ ಎಂದು ತಿಳಿಯಲಿ ಎಂಬುದಷ್ಟೇ ನನ್ನ ಉದ್ದೇಶ.

ಇದಕ್ಕೂ ಮುಂಚೆ ಬೇರೊಂದು ಕಡೆ ನಾಲ್ಕು ದಿನ ಹೋಗಿದ್ದೆ. ಅಲ್ಲಿ ಮುಂದಿನ ಮೇಜಿನಲ್ಲಿ ಕೂರಿಸಿ ಚೀಟಿ ಬರೆಸಿದರೇ ಹೊರತು ಒಮ್ಮೆಯೂ ಒಳಗೆ ಕರೆಯಲಿಲ್ಲ.

ಇಲ್ಲಿ ಮೊದಲ ದಿನವೇ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಕೇಳಿ, ಅಪ್ಪನ ಸಹಿ ಇರುವ ಒಪ್ಪಿಗೆ ಪತ್ರ ತೆಗೆದುಕೊಂಡರು. ಏನನ್ನೂ ಮುಟ್ಟುವಂತಿಲ್ಲ, ಮೊಬೈಲ್ ಹೊರಗೇ ಇಡಬೇಕು. ಶುಲ್ಕವಿಲ್ಲ. ಕುರ್ಚಿಗೆ ಬಂದ ಪ್ರತಿಯೊಬ್ಬರನ್ನೂ ಅವರು, "ಈ ಹುಡುಗಿ ಕಲಿಯೋಕೆ ಬಂದಿದ್ದಾಳೆ, ನಿಂತು ನೋಡಿದರೆ ನಿಮಗೆ ಪರವಾಗಿಲ್ವಾ?" ಎಂದು ಕೇಳುತ್ತಿದ್ದರು. ಇಬ್ಬರು ಬೇಡವೆಂದಾಗ ನಾನು ಹೊರಗೆ ಬಂದು ಕುಳಿತೆ. ಕಾರಣವನ್ನು ಯಾರೂ ಕೇಳಲಿಲ್ಲ. ಈ ಚಿಕಿತ್ಸಾಲಯದಲ್ಲಿ ನನಗೆ ಅತಿ ಹೆಚ್ಚು ಗೌರವ ಮೂಡಿಸಿದ ಸಂಗತಿ ಇದೇ.

ನಾಲ್ಕನೇ ದಿನ ಪಾಲಿಬೆಟ್ಟದ ಕಡೆಯಿಂದ ಒಬ್ಬ ತಾಯಿ ಏಳು ವರ್ಷದ ಮಗನನ್ನು ಕರೆತಂದರು. ಕೆಳದವಡೆಯ ಹಲ್ಲು ಹುಳುಕಾಗಿ, ರಾತ್ರಿಯೆಲ್ಲ ಅತ್ತಿದ್ದನಂತೆ. "ಹಾಲುಹಲ್ಲಲ್ವಾ ಮೇಡಂ, ಹೇಗೂ ಬೀಳುತ್ತೆ, ಕಿತ್ತುಬಿಡಿ" ಎಂದರು. ವೈದ್ಯೆ ತಾಯಿಯನ್ನು ಹತ್ತಿರ ಕರೆದು, ಬಾಯಿಯ ಮಧ್ಯದಿಂದ ಒಂದೊಂದೇ ಹಲ್ಲನ್ನು ಅವರಿಂದಲೇ ಎಣಿಕೆ ಮಾಡಿಸಿದರು. ಹುಳುಕಾಗಿದ್ದದ್ದು ಆರನೆಯದು. ಹಾಲುಹಲ್ಲುಗಳು ಒಟ್ಟು 20, ಅಂದರೆ ಮೇಲೆ, ಕೆಳಗೆ ಎರಡೂ ದವಡೆಗಳಲ್ಲಿ ಪ್ರತಿ ಬದಿಗೆ ಐದೈದೇ. ಆರನೆಯದು ಆರು ವರ್ಷದ ಆಸುಪಾಸಿನಲ್ಲಿ, ಯಾವ ಹಲ್ಲೂ ಬೀಳದೆ, ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆಹಲ್ಲು. ಹಾಗಾಗಿಯೇ ಮನೆಯವರು ಅದನ್ನು ಹಾಲುಹಲ್ಲೆಂದು ಭಾವಿಸುತ್ತಾರೆ. ಎಕ್ಸ್‌ರೇ ನೋಡಿ, ಹುಳುಕು ನರದವರೆಗೆ ಹೋಗಿಲ್ಲವೆಂದು ಖಚಿತಪಡಿಸಿಕೊಂಡು, ಕೆಟ್ಟ ಭಾಗವನ್ನು ತೆಗೆದು ತುಂಬಿಸಿದರು. ನನ್ನ ಮನೆಯಲ್ಲಿಯೂ ಆರು ವರ್ಷದ ತಮ್ಮನಿದ್ದಾನೆ. ಅಂದು ಸಂಜೆ ಅವನ ಬಾಯಿಗೆ ಟಾರ್ಚ್ ಹಿಡಿದು ನೋಡಿದರೆ ಆ ಹಲ್ಲು ಆಗಷ್ಟೇ ವಸಡನ್ನು ಸೀಳಿ ಇಣುಕುತ್ತಿತ್ತು.

ಇನ್ನೊಂದು ದಿನ ಬಂದ ಹಿರಿಯರೊಬ್ಬರಿಗೆ ಬಾಯಿಯೇ ತೆರೆಯಲಾಗುತ್ತಿರಲಿಲ್ಲ. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳುಗಳು ನೆಟ್ಟಗೆ ಒಳಗೆ ಹಿಡಿಯಬೇಕು. ಅವರಿಗೆ ಒಂದೇ ಹಿಡಿಯಿತು. ವರ್ಷಗಟ್ಟಲೆ ಅಡಿಕೆ ಅಗಿದಾಗ ಕೆನ್ನೆಯ ಒಳಚರ್ಮ ನಾರಿನಂತೆ ಬಿಗಿದುಕೊಳ್ಳುತ್ತದೆ, ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು ಎಂದು ಅವರು ಹೋದ ಮೇಲೆ ವೈದ್ಯೆ ವಿವರಿಸಿದರು. ನಮ್ಮ ತೋಟದಲ್ಲಿಯೂ ಅಡಿಕೆ ಮರಗಳಿರುವುದರಿಂದ ಆ ಮಾತು ನನ್ನನ್ನು ಬಹಳ ಕಾಡಿತು.

ಸ್ವಚ್ಛತೆಯ ವಿಷಯದಲ್ಲಿ ಒಂದು ಘಟನೆ ಸಾಕು. ಮಳೆಗೆ ಕರೆಂಟ್ ಹೋಗಿ, ಉಪಕರಣಗಳ ರೋಗಾಣುಗಳನ್ನು ಹಬೆಯಿಂದ ಕೊಲ್ಲುವ ಯಂತ್ರವಾದ ಆಟೋಕ್ಲೇವ್ ನಡುವೆಯೇ ನಿಂತಿತು. 121 ಡಿಗ್ರಿ ಸೆಲ್ಸಿಯಸ್‌ನ ಹಬೆಯಲ್ಲಿ ಉಪಕರಣಗಳು ಪೂರ್ತಿ 15 ನಿಮಿಷ ಇರಲೇಬೇಕು. ಐದು ಜನ ಕಾಯುತ್ತಿದ್ದರೂ, ಕರೆಂಟ್ ಬಂದ ಮೇಲೆ ಮೊದಲಿನಿಂದಲೇ ಶುರುಮಾಡಿಸಿದರು.

ಕೊರತೆಗಳೂ ಇವೆ. ವೈದ್ಯೆಯ ಬೆನ್ನ ಹಿಂದೆ ನಿಂತರೆ ಮೇಲಿನ ಹಲ್ಲುಗಳು ಕಾಣುವುದೇ ಇಲ್ಲ, ಏಕೆಂದರೆ ಅವರೇ ಅವನ್ನು ಪುಟ್ಟ ಕನ್ನಡಿಯಲ್ಲಿ ನೋಡುತ್ತಾರೆ. ಎರಡು ರೂಟ್ ಕೆನಾಲ್‌ಗಳಲ್ಲಿ ನನಗೆ ದಕ್ಕಿದ್ದು ಎಕ್ಸ್‌ರೇ ಮಾತ್ರ. ಸಂತೆಯ ದಿನ ಜನ ಹೆಚ್ಚಿದ್ದು, ವಿವರಣೆಗೆ ಸಮಯವೇ ಸಿಗಲಿಲ್ಲ. ಆದ್ದರಿಂದ ಹೋಗುವವರು ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಹಾಕುವಾಗ ಹತ್ತು ನಿಮಿಷ ಕೊಡಲು ಮೊದಲೇ ಕೇಳಿಕೊಳ್ಳಬೇಕು. ನಾನು ಹಾಗೆ ಕೇಳಿದ ಮೇಲೆ ಒಂದು ದಿನವೂ ಅವರು ಇಲ್ಲವೆನ್ನಲಿಲ್ಲ. ಕತ್ತು ಹಿಡಿದುಕೊಂಡಿದ್ದ ದಿನವೂ, ಒಂದು ಕೈಯಿಂದ ಕತ್ತು ನೀವಿಕೊಳ್ಳುತ್ತಲೇ ಉತ್ತರ ಹೇಳಿದರು.