ಸಹಿ ಹಾಕುವ ಮೊದಲು ವಿಮಾನಗಳನ್ನು ಎಣಿಸಿ

ಕಳೆದ ದೀಪಾವಳಿಯ ರಜೆಯಲ್ಲಿ ನಾನು ಬದಿಯಡ್ಕ ಸಮೀಪದ ನಮ್ಮ ಮನೆಯಲ್ಲಿದ್ದಾಗ ಪೆರ್ಲದ ಕಡೆಯ ಯುವಕನೊಬ್ಬ ತನ್ನ ತಂದೆಯ ಜೊತೆ ನನ್ನನ್ನು ಕಾಣಲು ಬಂದಿದ್ದ. ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಪರವಾನಗಿ, ಪಡೆದು ಎಂಟು ತಿಂಗಳು ಕೆಲಸಕ್ಕಾಗಿ ಕಾದಿದ್ದ ಆತನ ಕೈಯಲ್ಲಿ ಒಂದು ಪ್ರಾದೇಶಿಕ ವಿಮಾನ ಸಂಸ್ಥೆಯ ನೇಮಕಾತಿ ಪತ್ರವಿತ್ತು. ತಂದೆಯ ಕೈಯಲ್ಲಿ ತೋಟವನ್ನು ಅಡವಿಟ್ಟು ಸೇವಾ ಸಹಕಾರಿ ಬ್ಯಾಂಕಿನಿಂದ ಸಾಲ ಪಡೆಯಲು ತುಂಬಿಸಿದ ಅರ್ಜಿಯಿತ್ತು. ಜಗಲಿಯಲ್ಲಿ ಕುಳಿತು ಆ ಪತ್ರವನ್ನು ಓದುತ್ತಾ ಹೋದಂತೆ ನನಗೆ ಎದೆ ಭಾರವಾಯಿತು. ಸಂಸ್ಥೆ ಬೇರೆ, ವರ್ಷ ಬೇರೆ; ಆದರೆ ಷರತ್ತುಗಳು ಹೆಚ್ಚುಕಡಿಮೆ ನಾನು ಒಮ್ಮೆ ಸಹಿ ಹಾಕಿದ್ದ ಷರತ್ತುಗಳೇ ಆಗಿದ್ದವು. ಆ ಸಹಿಯಿಂದ ನಾನು ಕಳೆದುಕೊಂಡ ವರ್ಷಗಳ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಪೆರಿಯದಲ್ಲಿ ಒಂದು ಕಿರು ನಿಲ್ದಾಣ ಮಾಡುವ ಮಾತನ್ನು ನಾವು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಬಜ್ಪೆಗೋ ಕಣ್ಣೂರಿಗೋ ಹೋಗಿ ವಿಮಾನ ಹತ್ತುವವರು ಸಾವಿರಾರು ಮಂದಿ ಇದ್ದಾರೆ, ಆದರೆ ವಿಮಾನ ನಡೆಸುವ ಕೆಲಸದ ಒಳಹೊರಗನ್ನು ಬಲ್ಲವರು ಕೈಬೆರಳೆಣಿಕೆಯಷ್ಟು. ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಲಿತು ಈ ದಾರಿ ಹಿಡಿಯುವ ಹುಡುಗನಿಗೆ ಅಥವಾ ಹುಡುಗಿಗೆ ಶಿಕ್ಷಕ ವೃತ್ತಿಯ ಬಗ್ಗೆಯೋ ಬ್ಯಾಂಕ್ ಉದ್ಯೋಗದ ಬಗ್ಗೆಯೋ ಸಿಗುವಂಥ ತಿಳಿವಳಿಕೆಯ ಮಾತು ನೆರೆಮನೆಯಲ್ಲಿ ಸಿಗುವುದಿಲ್ಲ. ನನಗೂ ಸಿಕ್ಕಿರಲಿಲ್ಲ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು: ಪ್ರಾದೇಶಿಕ ಸಂಸ್ಥೆಯಿಂದ ವೃತ್ತಿ ಆರಂಭಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಸಿಪಿಎಲ್ ಪಡೆಯಲು ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಸಾಕು, ಆದರೆ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ ಉಳಿದ ಷರತ್ತುಗಳ ಜೊತೆಗೆ ಒಟ್ಟು 1500 ಗಂಟೆಗಳ ಅನುಭವ ಬೇಕು. ಈ ನಡುವಿನ 1300 ಗಂಟೆಗಳನ್ನು ಎಲ್ಲಿ, ಎಷ್ಟು ಬೇಗ ಗಳಿಸುತ್ತೇವೆ ಎಂಬುದರ ಮೇಲೆ ಹೊಸ ಪೈಲಟ್‌ನ ಮೊದಲ ದಶಕವೇ ನಿಂತಿದೆ. ಎಟಿಆರ್ 72ರಂಥ ಎಪ್ಪತ್ತು ಚಿಲ್ಲರೆ ಆಸನಗಳ ಟರ್ಬೊಪ್ರಾಪ್ ವಿಮಾನದಲ್ಲಿ ಒಂದೊಂದು ಗಂಟೆಯ ಹಾರಾಟಗಳು ಹೆಚ್ಚು. ದಿನಕ್ಕೆ ನಾಲ್ಕು ಬಾರಿ ಏರಿ ನಾಲ್ಕು ಬಾರಿ ಇಳಿಯುವುದುಂಟು. ಮಳೆಗಾಲದಲ್ಲಿ ಚಿಕ್ಕ ರನ್‌ವೇಗಳ ಮೇಲೆ, ಅಡ್ಡಗಾಳಿಯಲ್ಲಿ, ಮೋಡಗಳ ಮೇಲಕ್ಕೆ ಏರಿ ತಪ್ಪಿಸಿಕೊಳ್ಳುವ ಅವಕಾಶ ಕಡಿಮೆಯಿರುವ ಎತ್ತರದಲ್ಲಿ ಹಾರಿಸುತ್ತಾ ಕೈ ಪಳಗುವಷ್ಟು ಬೇಗ ಬೇರೆ ಕಡೆ ಪಳಗುವುದು ಕಷ್ಟ. ನಾನು ಸಹಿ ಹಾಕಿದ್ದ ಸಂಸ್ಥೆಯಲ್ಲಿ ಹಾರಿದ್ದು ಸ್ವಲ್ಪವೇ ಆದರೂ, ಅಲ್ಲಿನ ಹಿರಿಯ ಕ್ಯಾಪ್ಟನ್ ಒಬ್ಬರು ಕಲಿಸಿದ ಅಡ್ಡಗಾಳಿಯ ಲ್ಯಾಂಡಿಂಗ್ ಇಂದಿಗೂ ನನ್ನ ಕೈಯಲ್ಲಿದೆ, ಅವರ ಋಣ ದೊಡ್ಡದು. ಹಾಗಾಗಿ ನನ್ನ ಲೆಕ್ಕಾಚಾರದ ಬುಡ ಸರಿಯಾಗಿತ್ತು. ದೊಡ್ಡ ಸಂಸ್ಥೆಯೊಂದರ ಕಾಯುವ ಪಟ್ಟಿಯಲ್ಲಿ ಹೆಸರಿದ್ದರೂ, ಬೇಗ ಗಂಟೆಗಳು ಸಿಗುತ್ತವೆ, ಬೇಗ ಕ್ಯಾಪ್ಟನ್ ಆಗುತ್ತೇನೆ ಎಂದು ನಾನು ಈ ಸಂಸ್ಥೆಯನ್ನು ಆರಿಸಿಕೊಂಡೆ. ಗಂಟೆಗಳು ಎಲ್ಲಿಂದ ಬರುತ್ತವೆ ಎಂದು ಮಾತ್ರ ನಾನು ಕೇಳಲಿಲ್ಲ.

ಸಂದರ್ಶನದಲ್ಲಿ ಅವರು ಹೇಳಿದ್ದು ತಿಂಗಳಿಗೆ ಅರುವತ್ತು ಗಂಟೆಗಳ ಹಾರಾಟ. ಆ ಲೆಕ್ಕದಲ್ಲಿ 1300 ಗಂಟೆಗಳು ಎರಡು ವರ್ಷದೊಳಗೆ ಮುಗಿಯುತ್ತವೆ. ಷರತ್ತುಗಳು ಹೀಗಿದ್ದವು: ಟೈಪ್ ರೇಟಿಂಗ್, ಅಂದರೆ ಎಟಿಆರ್ ಎಂಬ ಆ ಒಂದು ಬಗೆಯ ವಿಮಾನ ನಡೆಸುವ ಅರ್ಹತೆ, ಅದರ ತರಬೇತಿಯ ವೆಚ್ಚವೆಂದು 18 ಲಕ್ಷ ರೂಪಾಯಿಯನ್ನು ನಾನೇ ಮುಂಗಡವಾಗಿ ಕಟ್ಟಬೇಕು; ಅದರ ಮೇಲೆ ಐದು ವರ್ಷಗಳ ಸೇವಾ ಬಾಂಡ್‌ಗೆ ಸಹಿ ಹಾಕಬೇಕು; ಬಾಂಡ್ ಮುರಿದರೆ ಕೊಡಬೇಕಾದ ಮೊತ್ತಕ್ಕೆ ಭದ್ರತೆಯಾಗಿ ದಿನಾಂಕ ಬರೆಯದ ಚೆಕ್ಕುಗಳನ್ನು ಮೊದಲೇ ಒಪ್ಪಿಸಬೇಕು. ತರಬೇತಿಯ ಹಣವನ್ನು ನಾನೇ ಕೊಟ್ಟ ಮೇಲೆ ಬಾಂಡ್ ಯಾತಕ್ಕೆ ಎಂಬ ಪ್ರಶ್ನೆ ಅಪ್ಪನಿಗೆ ಹೊಳೆದಿತ್ತು, ಅವರು ಕೇಳಿದ್ದರು ಕೂಡ. ಎಲ್ಲ ಕಡೆಯೂ ಹೀಗೆಯೇ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಹಾರಾಟ ಕಲಿಯಲು ಮಾಡಿದ್ದ ಸಾಲ ತೀರುವ ಮೊದಲೇ ಅಡಿಕೆ ತೋಟದ ಆಧಾರ, ಅಂದರೆ ಹಕ್ಕುಪತ್ರ, ಎರಡನೆಯ ಬಾರಿ ಬ್ಯಾಂಕಿಗೆ ಹೋಯಿತು.

ಸಿಮ್ಯುಲೇಟರ್ ತರಬೇತಿ ಚೆನ್ನಾಗಿಯೇ ನಡೆಯಿತು. ಆದರೆ ಅದು ಮುಗಿದ ಮೇಲೆ ನಿಜವಾದ ವಿಮಾನದಲ್ಲಿ ಏರಿಳಿಯುವ ಬೇಸ್ ಟ್ರೇನಿಂಗ್‌ಗೆ ನಾನು ಐದು ತಿಂಗಳು ಕಾದೆ. ಪ್ರಯಾಣಿಕರ ಹಾರಾಟಕ್ಕೆ ಬೇಕಾದ ವಿಮಾನಗಳೇ ಸಾಲದಿರುವಾಗ ತರಬೇತಿಗೆಂದು ಒಂದನ್ನು ಬಿಡುವವರು ಯಾರು? ಹ್ಯಾಂಗರ್‌ನ ಹಿಂದೆ ನಿಂತಿದ್ದ ಎರಡು ವಿಮಾನಗಳನ್ನು ಮೊದಲ ದಿನವೇ ಕಂಡಿದ್ದೆ, ಎಂಜಿನ್ ದುರಸ್ತಿಗೆ ಹೋಗಿದೆ ಎಂದಿದ್ದರು. ಕೆಲವು ವಾರಗಳಲ್ಲಿ ಅವುಗಳ ಒಂದೊಂದೇ ಭಾಗವನ್ನು ಕಳಚಿ ಹಾರುತ್ತಿದ್ದ ವಿಮಾನಗಳಿಗೆ ಜೋಡಿಸುವುದನ್ನು ಕಂಡೆ. ಪುಸ್ತಕದಲ್ಲಿ ಐದು ವಿಮಾನಗಳು, ಆಕಾಶದಲ್ಲಿ ಮೂರು.

ಆಗ ಒಂದು ರಾತ್ರಿ ಕುಳಿತು ನಾನು ಮಾಡಿದ ಲೆಕ್ಕವನ್ನು ಸಹಿ ಹಾಕುವ ಮೊದಲೇ ಮಾಡಬೇಕಿತ್ತು. ಮೂರು ವಿಮಾನಗಳು ದಿನಕ್ಕೆ ಎಂಟೆಂಟು ಗಂಟೆ ಹಾರಿದರೆ ಒಟ್ಟು 24 ಗಂಟೆ, ತಿಂಗಳಿಗೆ 720 ಗಂಟೆ. ಪ್ರತಿ ಹಾರಾಟದಲ್ಲಿ ಒಬ್ಬ ಕೋ-ಪೈಲಟ್. ನಮ್ಮ ಸಂಸ್ಥೆಯಲ್ಲಿ ಟೈಪ್ ರೇಟಿಂಗ್ ಮುಗಿಸಿದ ಕೋ-ಪೈಲಟ್‌ಗಳು 40 ಮಂದಿ ಇದ್ದರು. ತಲೆಗೆ ತಿಂಗಳಿಗೆ 18 ಗಂಟೆ. ಆ ವೇಗದಲ್ಲಿ 1300 ಗಂಟೆ ತುಂಬಲು ಆರು ವರ್ಷ ಬೇಕು, ಅದೂ ಒಂದು ದಿನವೂ ವಿಮಾನ ಕೆಡದಿದ್ದರೆ. ಇಷ್ಟು ಮಂದಿಯನ್ನು ಯಾಕೆ ಸೇರಿಸಿಕೊಂಡರು ಎಂಬುದಕ್ಕೆ ನನಗೆ ತೋಚುವ ಕಾರಣ ಒಂದೇ: ಒಬ್ಬೊಬ್ಬ ಹೊಸಬನೂ 18 ಲಕ್ಷ ರೂಪಾಯಿ ತರುತ್ತಿದ್ದ. ಟಿಕೆಟಿನಿಂದ ಬರದ ಹಣ ನಮ್ಮ ತಂದೆ ತಾಯಂದಿರ ತೋಟಗಳಿಂದ ಬರುತ್ತಿತ್ತು ಎಂದೇ ನಾನು ನಂಬಿದ್ದೇನೆ.

ಪೈಲಟ್ ಸುಮ್ಮನೆ ಕೂರುವುದು ಬೇರೆ ಕೆಲಸದವರು ಸುಮ್ಮನೆ ಕೂರುವಂತಲ್ಲ. ತೊಂಬತ್ತು ದಿನಗಳೊಳಗೆ ಮೂರು ಟೇಕ್‌ಆಫ್, ಮೂರು ಲ್ಯಾಂಡಿಂಗ್ ಆಗದಿದ್ದರೆ ಪ್ರಯಾಣಿಕರನ್ನು ಹೊತ್ತು ಹಾರುವ ಅರ್ಹತೆ ತಪ್ಪುತ್ತದೆ. ಮತ್ತೆ ಸಿಮ್ಯುಲೇಟರ್‌ಗೆ ಹೋಗಬೇಕು. ಸಿಮ್ಯುಲೇಟರ್‌ಗೆ ಕಳುಹಿಸಲು ಸಂಸ್ಥೆಯ ಬಳಿ ಹಣವಿರುವುದಿಲ್ಲ. ಹಾರದವನಿಗೆ ಹಾರಾಟ ಭತ್ಯೆಯಿಲ್ಲ, ಮೂಲ ವೇತನ ಮಾತ್ರ, ಅದೂ ಒಂದು ತಿಂಗಳು ತಡವಾಗಿ, ಬಳಿಕ ಮೂರು ತಿಂಗಳು ತಡವಾಗಿ ಬರತೊಡಗಿತು. ಊರಿನಲ್ಲಿ ಮಳೆ ಹಿಡಿದು ಕೊಳೆ ರೋಗಕ್ಕೆ ಮದ್ದು ಬಿಡುವ ಕಾಲ. ಆಳಿನ ಸಂಬಳಕ್ಕೆ ಹಣವಿದೆಯೇ ಎಂದು ನಾನು ಫೋನಿನಲ್ಲಿ ಕೇಳುತ್ತಿರಲಿಲ್ಲ, ಈ ತಿಂಗಳು ಎಷ್ಟು ಹಾರಿದೆ ಎಂದು ಅಪ್ಪ ಕೇಳುತ್ತಿರಲಿಲ್ಲ.

ಈ ಕುಸಿತದ ಗುರುತುಗಳು ಹೊರಗಿನವರಿಗೂ ಕಾಣುವಂತಿದ್ದವು ಎಂಬುದೇ ನನಗೆ ಇಂದಿಗೂ ನೋವಿನ ಸಂಗತಿ. ಭವಿಷ್ಯನಿಧಿ ಸಂಸ್ಥೆಯ ಜಾಲತಾಣದಲ್ಲಿ ಯಾವುದೇ ಉದ್ಯೋಗದಾತನ ಹೆಸರನ್ನು ಹುಡುಕಿದರೆ ಯಾವ ತಿಂಗಳ ಪಿಎಫ್ ಹಣವನ್ನು ಯಾವಾಗ ಕಟ್ಟಿದ್ದಾರೆ, ಎಷ್ಟು ನೌಕರರಿಗೆ ಕಟ್ಟಿದ್ದಾರೆ ಎಂಬುದು ಸಾರ್ವಜನಿಕವಾಗಿ ಸಿಗುತ್ತದೆ. ನಾನು ಸೇರುವ ಮೊದಲೇ ನಮ್ಮ ಸಂಸ್ಥೆ ನಾಲ್ಕು ತಿಂಗಳು ಹಿಂದುಳಿದಿತ್ತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಪ್ರತಿ ತಿಂಗಳು ಪ್ರಕಟಿಸುವ ದೇಶೀಯ ಸಂಚಾರದ ವರದಿಯಲ್ಲಿ ಪ್ರತಿಯೊಂದು ಸಂಸ್ಥೆಯ ಪ್ರಯಾಣಿಕರ ಸಂಖ್ಯೆ ಮತ್ತು ರದ್ದಾದ ಹಾರಾಟಗಳ ಪ್ರಮಾಣ ಇರುತ್ತದೆ; ಒಂದು ವರ್ಷದ ವರದಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಇಳಿಜಾರು ತಾನಾಗಿ ಕಾಣುತ್ತದೆ. ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿದರೆ ವಾರ್ಷಿಕ ಲೆಕ್ಕಪತ್ರಗಳನ್ನೂ ಓದಬಹುದು. ಕೆಲಸದಲ್ಲಿದ್ದವರು ತಮ್ಮ ಆದಾಯ ತೆರಿಗೆಯ 26ಎಎಸ್ ಪಟ್ಟಿಯನ್ನು ನೋಡಿಕೊಳ್ಳಬೇಕು. ಸಂಬಳದ ಚೀಟಿಯಲ್ಲಿ ಕಡಿತವಾದ ತೆರಿಗೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಹಣ ಸರಕಾರಕ್ಕೆ ಹೋಗಿಲ್ಲ ಎಂದು ಅರ್ಥ. ನನ್ನದು ಹೋಗಿರಲಿಲ್ಲ.

ಸಂದರ್ಶನದಲ್ಲಿ ನನ್ನನ್ನು ಹೆಚ್ಚು ಒಪ್ಪಿಸಿದ ಮಾತು ‘ಉಡಾನ್ ಮಾರ್ಗಗಳು ನಮ್ಮ ಕೈಯಲ್ಲಿವೆ’ ಎಂಬುದು. ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿದ ಈ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಚಿಕ್ಕ ಊರುಗಳ ಮಾರ್ಗಗಳಲ್ಲಿ ಆಗುವ ನಷ್ಟವನ್ನು ತುಂಬಲು ಮೂರು ವರ್ಷ ಸಹಾಯಧನ ಸಿಗುತ್ತದೆ. ಸರಕಾರದ ಹೆಸರು ಕೇಳಿದ ಕೂಡಲೇ ನಮ್ಮಂಥ ಮನೆಗಳಲ್ಲಿ ಧೈರ್ಯ ಬರುತ್ತದೆ. ಆದರೆ ಮಾರ್ಗ ಮಂಜೂರಾಗುವುದು ಬೇರೆ, ಹಾರುವುದು ಬೇರೆ. ಮೂರನೆಯ ಸುತ್ತಿನವರೆಗೆ ಮಂಜೂರಾದ 774 ಮಾರ್ಗಗಳಲ್ಲಿ 403 ಮಾರ್ಗಗಳು ಆರಂಭವೇ ಆಗಲಿಲ್ಲ, ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112 ಮಾತ್ರ, ಸಹಾಯಧನ ನಿಂತ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54 ಎಂದು ಮಹಾಲೇಖಪಾಲರ 2023ರ ವರದಿ ಹೇಳುತ್ತದೆ. ಸಂಸ್ಥೆಗಳ ಕಥೆಯೂ ಹಾಗೆಯೇ. ಬೆಂಗಳೂರು ಹುಬ್ಬಳ್ಳಿ ನಡುವೆ 2015ರಲ್ಲಿ ಹಾರಾಟ ಆರಂಭಿಸಿದ ಏರ್ ಪೆಗಾಸಸ್ 2016ರಲ್ಲಿ ನಿಂತಿತು; ವಿಜಯವಾಡದ ಏರ್ ಕೋಸ್ಟಾ 2013ರಿಂದ 2017ರವರೆಗೆ ಬಾಳಿತು; ಹೈದರಾಬಾದಿನ ಟ್ರೂಜೆಟ್ 2015ರಲ್ಲಿ ಆರಂಭವಾಗಿ 2022ರಲ್ಲಿ ಹಾರಾಟ ನಿಲ್ಲಿಸಿತು. ನಾನು ಇದ್ದದ್ದು ಇವುಗಳಲ್ಲಿ ಯಾವುದರಲ್ಲೂ ಅಲ್ಲ. ಬಾಡಿಗೆ ವಿಮಾನಗಳನ್ನು ನಂಬಿದ ಚಿಕ್ಕ ಸಂಸ್ಥೆಯ ಆಯುಸ್ಸು ಐದು ವರ್ಷದ ಬಾಂಡ್‌ಗಿಂತ ಕಿರಿದಾಗಿರಬಹುದು ಎಂಬುದನ್ನು ತೋರಿಸಲು ಇಷ್ಟನ್ನು ಬರೆದೆ.

ಹದಿನಾಲ್ಕು ತಿಂಗಳ ಬಳಿಕ ನಾನು ರಾಜೀನಾಮೆ ಕೊಟ್ಟೆ. ಡಿಜಿಸಿಎ 2017ರಲ್ಲಿ ಹೊರಡಿಸಿದ ನಿಯಮದಂತೆ ಕೋ-ಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ ನೋಟೀಸ್ ಅವಧಿ. ಆ ಆರು ತಿಂಗಳಲ್ಲಿ ನಾನು ಹಾರಿದ್ದು ಹನ್ನೊಂದು ಗಂಟೆ, ಪಡೆದದ್ದು ಎರಡು ತಿಂಗಳ ಸಂಬಳ. ಬಿಡುಗಡೆಯ ಪತ್ರ ಕೇಳಿದಾಗ ಬಾಂಡ್ ಮೊತ್ತ ಕೇಳಿದರು. ಕೊಡುವುದಿಲ್ಲವೆಂದಾಗ ಭದ್ರತೆಗೆಂದು ಪಡೆದಿದ್ದ ಚೆಕ್ಕುಗಳಿಗೆ ದಿನಾಂಕ ಬರೆದು ಬ್ಯಾಂಕಿಗೆ ಹಾಕಿದರು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಸೆಕ್ಷನ್‌ನಡಿ ಅದು ಅಪರಾಧ, ಎರಡು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಸಂಬಳ ಕೊಡದವರು ನನ್ನ ಮೇಲೆ ಕ್ರಿಮಿನಲ್ ದೂರು ಹೂಡಿದರು. ಪರರಾಜ್ಯದ ನ್ಯಾಯಾಲಯಕ್ಕೆ ನಾಲ್ಕು ಬಾರಿ ಹೋಗಿ ಬಂದ ಮೇಲೆ, ಬರಬೇಕಾದ ಸಂಬಳವನ್ನೆಲ್ಲ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡೆ. ಬಾಂಡ್‌ಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂದು ಧೈರ್ಯ ಹೇಳುವ ಗೆಳೆಯರನ್ನು ನಂಬಬೇಡಿ. ಒಪ್ಪಂದ ಮುರಿದವನಿಂದ ಸಮಂಜಸ ಪರಿಹಾರ ಪಡೆಯಲು ಭಾರತೀಯ ಕರಾರು ಕಾಯ್ದೆಯ 74ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ಸಾರ್ವಜನಿಕ ವಲಯದ ಬ್ಯಾಂಕೊಂದರ ಮೂರು ವರ್ಷಗಳ ಸೇವಾ ಬಾಂಡ್ ಅನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಕೊನೆಗೆ ಗೆದ್ದರೂ ಗೆಲ್ಲುವ ತನಕದ ವರ್ಷಗಳು ನಿಮ್ಮವು.

ಕೆಲವು ತಿಂಗಳ ಬಳಿಕ ವಿಮಾನಗಳ ಮಾಲೀಕ ಕಂಪೆನಿ ತನ್ನ ವಿಮಾನಗಳನ್ನು ಕೊಂಡೊಯ್ದಿತು, ಸಂಸ್ಥೆ ಮುಚ್ಚಿತು. ನಾನು ಈಗ ಬೇರೊಂದು ಕಡೆ ಏರ್‌ಬಸ್ ಹಾರಿಸುತ್ತಿದ್ದೇನೆ. ಅದಕ್ಕೆ ಮತ್ತೊಂದು ಟೈಪ್ ರೇಟಿಂಗ್ ಬೇಕಾಯಿತು, ಅಂದು ಕಾಯುವ ಪಟ್ಟಿಯಲ್ಲಿ ನನ್ನ ಹಿಂದಿದ್ದವರು ಇಂದು ನನಗಿಂತ ನಾಲ್ಕು ವರ್ಷ ಹಿರಿಯರು.

ಪೆರ್ಲದ ಯುವಕನಿಗೆ ನಾನು ಹೇಳಿದ್ದು ಇಷ್ಟು. ಇಂದು ಹಾರುತ್ತಿರುವ ವಿಮಾನಗಳೆಷ್ಟು, ಕೋ-ಪೈಲಟ್‌ಗಳೆಷ್ಟು ಮಂದಿ ಎಂದು ಇಮೇಲಿನಲ್ಲಿ ಕೇಳಬೇಕು, ಉತ್ತರವೂ ಬರಹದಲ್ಲಿಯೇ ಬರಬೇಕು. ಕಳೆದ ಆರು ತಿಂಗಳಲ್ಲಿ ಅಲ್ಲಿಗೆ ಸೇರಿದ ಯಾರಾದರೂ ಕೋ-ಪೈಲಟ್ ಅನ್ನು ಹುಡುಕಿ, ಸಿಮ್ಯುಲೇಟರ್ ಮುಗಿದ ಮೇಲೆ ಎಷ್ಟು ದಿನ ಕಾದೆ ಎಂದು ಕೇಳಬೇಕು. ಟೈಪ್ ರೇಟಿಂಗ್ ಹಣವನ್ನು ತರಬೇತಿ ಕೇಂದ್ರಕ್ಕೇ ಕಂತುಗಳಲ್ಲಿ ಕಟ್ಟಲು ಒಪ್ಪದಿದ್ದರೆ, ಅಥವಾ ಹಣ ನಮ್ಮದು ಬಾಂಡ್ ಅವರದು ಎಂಬ ಷರತ್ತನ್ನು ಕೈಬಿಡದಿದ್ದರೆ, ತೋಟದ ಆಧಾರವನ್ನು ಮನೆಯ ಪೆಟ್ಟಿಗೆಯಿಂದ ತೆಗೆಯಬಾರದು. ದಿನಾಂಕವಿಲ್ಲದ ಚೆಕ್ಕನ್ನು ಯಾರು ಕೇಳಿದರೂ ಕೊಡಬಾರದು. ಆತ ಮರುದಿನವೇ ಇಮೇಲ್ ಕಳುಹಿಸಿದ. ಮೂರು ವಾರಗಳ ಬಳಿಕ ಬಂದ ಉತ್ತರದಲ್ಲಿ ವಿಮಾನಗಳ ಸಂಖ್ಯೆ ಇರಲಿಲ್ಲ, ಹಣ ಕಟ್ಟುವ ಕೊನೆಯ ದಿನಾಂಕ ಇತ್ತು. ತಂದೆ ಸಾಲದ ಅರ್ಜಿಯನ್ನು ಹಿಂದಕ್ಕೆ ಪಡೆದರು.

ಈಗಾಗಲೇ ಇಂಥ ಸಂಸ್ಥೆಯಲ್ಲಿ ಸಿಕ್ಕಿಕೊಂಡಿರುವವರು ಒಂದು ಕೆಲಸವನ್ನು ನಾಳೆಗೆ ಉಳಿಸಬಾರದು. ಲಾಗ್‌ಬುಕ್‌ನ ಪ್ರತಿಯೊಂದು ಹಾರಾಟವನ್ನು ಸಂಸ್ಥೆಯ ಅಧಿಕೃತ ವ್ಯಕ್ತಿಯಿಂದ ಆ ತಿಂಗಳೇ ದೃಢೀಕರಿಸಿಕೊಳ್ಳಿ, ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ನಾನು ಮುಂದೂಡುತ್ತಾ ಬಂದೆ, ಅಷ್ಟರಲ್ಲಿ ಕಚೇರಿಗೆ ಬೀಗ ಬಿತ್ತು. ನಾನು ನಿಜವಾಗಿ ಹಾರಿದ 42 ಗಂಟೆಗಳಿಗೆ ಸಹಿ ಹಾಕುವ ಅಧಿಕಾರವಿರುವ ವ್ಯಕ್ತಿ ಈಗ ಯಾರೂ ಇಲ್ಲ, ನನ್ನ 1500ರ ಲೆಕ್ಕದಲ್ಲಿ ಅವು ಸೇರಿಲ್ಲ.